ಧಾತು ಹೋಗುತ್ತಿದೆ, ಮದುವೆ ಮುಂದೂಡಲೇ?

ಪ್ರಶ್ನೆ: ನನಗೆ 27 ವರ್ಷ. ಹಾವೇರಿ ಜಿಲ್ಲೆಯವನು, ಹುಬ್ಬಳ್ಳಿಯಲ್ಲಿ ಕೆಲಸ. ವೈಶಾಖದಲ್ಲಿ ಮದುವೆ ನಿಶ್ಚಯವಾಗಿದೆ. ಹೈಸ್ಕೂಲಿನಿಂದಲೂ ಹಸ್ತಮೈಥುನದ ಅಭ್ಯಾಸವಿದೆ. ತಿಂಗಳಿಗೆ ಎರಡು ಮೂರು ಸಲ ನಿದ್ದೆಯಲ್ಲೇ ಸ್ಖಲನವಾಗುತ್ತದೆ. ಕೆಲವು ದಿನ ಮೂತ್ರ ಬೆಳ್ಳಗೆ ಕದಡಿಕೊಂಡು ಹೋಗುತ್ತದೆ. ಮಲವಿಸರ್ಜನೆಗೆ ಮುಕ್ಕಿದಾಗ ಒಂದೆರಡು ಹನಿ ಅಂಟಾದ ದ್ರವ ಬರುತ್ತದೆ. ಎಡಗಡೆಯ ಬೀಜ ಬಲಗಡೆಯದಕ್ಕಿಂತ ಕೆಳಗೆ ಜೋತುಬಿದ್ದಿದೆ, ಅದರ ಮೇಲೆ ನರಗಳು ಉಬ್ಬಿವೆ. ಒಂದು ವರ್ಷದಿಂದ ಸುಸ್ತು, ಸೊಂಟನೋವು. ಗೋಡೆ ಮೇಲಿನ ಜಾಹೀರಾತು ನೋಡಿ ಒಬ್ಬರ ಬಳಿ ಹೋದೆ. ‘ಧಾತು ಖಾಲಿಯಾಗಿದೆ, ನರ ಸತ್ತಿದೆ’ ಎಂದು ಹೇಳಿ 18 ಸಾವಿರ ರೂಪಾಯಿಯ ಪುಡಿ ಕೊಟ್ಟರು. ಮೂರು ವಾರದಿಂದ ತೆಗೆದುಕೊಳ್ಳುತ್ತಿದ್ದೇನೆ. ಸರಿಯಾಗಿದೆಯೇ ಎಂದು ನಾನೇ ಪರೀಕ್ಷಿಸಿ ನೋಡಿದರೆ ನಿಮಿರುವಿಕೆ ಅರ್ಧಕ್ಕೇ ಇಳಿದುಹೋಗುತ್ತದೆ. ಬೆಳಗ್ಗೆ ಎದ್ದಾಗ ಮಾತ್ರ ಚೆನ್ನಾಗಿರುತ್ತದೆ. ತಂದೆಗೆ ಸಕ್ಕರೆ ಕಾಯಿಲೆ ಇದೆ. ಮದುವೆ ಮುಂದೂಡಲೇ?

ಉತ್ತರ: ಮುಂದೂಡಬೇಡಿ. ನೀವು ಬರೆದಿರುವುದರಲ್ಲಿ ಮದುವೆಗೆ ಅಡ್ಡಿಯಾಗುವಂಥದ್ದು ನನಗೆ ಯಾವುದೂ ಕಾಣುತ್ತಿಲ್ಲ. ವೈದ್ಯರಿಗೆ ತೋರಿಸಬೇಕಾದ ಒಂದೆರಡು ಸಂಗತಿಗಳಿವೆ, ಅವುಗಳಿಗೆ ಬರುತ್ತೇನೆ. ‘ಬೆಳಗ್ಗೆ ಎದ್ದಾಗ ಮಾತ್ರ ಚೆನ್ನಾಗಿರುತ್ತದೆ’ ಎಂದು ಕೊರತೆಯ ಧಾಟಿಯಲ್ಲಿ ಬರೆದಿದ್ದೀರಲ್ಲ, ನಿಮ್ಮ ಪತ್ರದಲ್ಲಿ ನನಗೆ ಅತಿ ಹೆಚ್ಚು ಧೈರ್ಯ ಕೊಟ್ಟ ಸಾಲು ಅದೇ. ನರ ಸತ್ತವರಿಗೆ, ರಕ್ತನಾಳ ಕಟ್ಟಿದವರಿಗೆ ಬೆಳಗಿನ ಜಾವ ಗಟ್ಟಿಯಾಗಿ ನಿಮಿರುವುದಿಲ್ಲ. ನಿಮಗೆ ಆಗುತ್ತಿದೆ ಎಂದರೆ ನರ, ರಕ್ತನಾಳ, ಹಾರ್ಮೋನು ಮೂರೂ ತಮ್ಮ ಕೆಲಸ ಮಾಡುತ್ತಿವೆ.

ಆದರೆ ಇಷ್ಟು ಹೇಳಿ ನಿಲ್ಲಿಸಿದರೆ ನಿಮಗೆ ಸಮಾಧಾನವಾಗುವುದಿಲ್ಲ ಎಂದು ಗೊತ್ತು. ಹತ್ತು ಹನ್ನೆರಡು ವರ್ಷ ಮನಸ್ಸಿನಲ್ಲಿ ಬೇರುಬಿಟ್ಟ ಭಯ ಒಂದು ಭರವಸೆಗೆ ಹೋಗುವುದಿಲ್ಲ. ಆದ್ದರಿಂದ ದೇಹದೊಳಗೆ ನಡೆಯುವುದನ್ನು ಮೊದಲಿನಿಂದ ಹೇಳುತ್ತೇನೆ.

ನಿಮ್ಮ ಭಯದ ತಳದಲ್ಲಿರುವ ನಂಬಿಕೆ ಇದು: ವೀರ್ಯ ಎನ್ನುವುದು ದೇಹದಲ್ಲೆಲ್ಲೋ ಕೂಡಿಟ್ಟ ಸಾರ, ಅದು ಹೊರಹೋದಷ್ಟೂ ಮನುಷ್ಯ ಬರಿದಾಗುತ್ತಾನೆ, ಒಂದು ಹನಿ ವೀರ್ಯಕ್ಕೆ ನಲವತ್ತು ಹನಿ ರಕ್ತ ಬೇಕು. ಇದನ್ನು ನೀವು ಹಾಸ್ಟೆಲಿನಲ್ಲೋ ಊರ ಕಟ್ಟೆಯ ಮೇಲೋ ಕೇಳಿರುತ್ತೀರಿ. ನನ್ನ ಬಳಿ ಬರುವ ಎಂಜಿನಿಯರುಗಳೂ ಇದನ್ನೇ ಹೇಳುತ್ತಾರೆ. ಆದರೆ ರಕ್ತವನ್ನು ಬಟ್ಟಿ ಇಳಿಸಿ ವೀರ್ಯ ಮಾಡುವ ಯಾವ ಅಂಗವೂ ದೇಹದಲ್ಲಿಲ್ಲ.

ವೀರ್ಯಾಣುಗಳು ಹುಟ್ಟುವುದು ವೃಷಣಗಳಲ್ಲಿ. ಒಂದೊಂದು ವೃಷಣವೂ ನಾಲ್ಕೈದು ಸೆಂಟಿಮೀಟರ್ ಉದ್ದದ ಗ್ರಂಥಿ. ಅದರೊಳಗೆ ದಾರಕ್ಕಿಂತ ತೆಳುವಾದ ನಾಳಗಳು ಸುತ್ತಿಕೊಂಡಿವೆ, ಬಿಡಿಸಿ ಚಾಚಿದರೆ ನೂರಾರು ಮೀಟರ್ ಆಗುತ್ತವೆ. ಆ ನಾಳಗಳ ಗೋಡೆಯಲ್ಲಿ ಮಾತೃಕೋಶಗಳು ಒಡೆಯುತ್ತಾ ಒಡೆಯುತ್ತಾ ವೀರ್ಯಾಣುಗಳಾಗುತ್ತವೆ. ಒಂದು ವೀರ್ಯಾಣು ರೂಪುಗೊಳ್ಳಲು ಎರಡು ತಿಂಗಳಿಗಿಂತ ಸ್ವಲ್ಪ ಹೆಚ್ಚು ಕಾಲ ಹಿಡಿಯುತ್ತದೆ. ಆದರೆ ಲಕ್ಷಾಂತರ ಕೋಶಗಳು ಬೇರೆ ಬೇರೆ ಹಂತದಲ್ಲಿ ಒಟ್ಟಿಗೇ ಸಾಗುತ್ತಿರುವುದರಿಂದ, ಆರೋಗ್ಯವಂತ ಗಂಡಸಿನಲ್ಲಿ ಸೆಕೆಂಡಿಗೆ ಸುಮಾರು ಸಾವಿರದ ಲೆಕ್ಕದಲ್ಲಿ ಹೊಸ ವೀರ್ಯಾಣುಗಳು ಹೊರಬರುತ್ತಲೇ ಇರುತ್ತವೆ. ಹದಿಹರೆಯದಲ್ಲಿ ಶುರುವಾದ ಈ ಕೆಲಸ ಮುಪ್ಪಿನವರೆಗೂ ನಿಲ್ಲುವುದಿಲ್ಲ. ಖಾಲಿಯಾಗುವ ಪ್ರಶ್ನೆ ಏಳುವುದು ಕೂಡಿಟ್ಟ ವಸ್ತುವಿಗೆ. ಇಲ್ಲಿ ವರ್ಷಗಟ್ಟಲೆ ಕೂಡಿಡುವ ಏರ್ಪಾಡೇ ಇಲ್ಲ. ಹೊರಹೋಗದೆ ಉಳಿದ ವೀರ್ಯಾಣುಗಳು ಹಳತಾಗಿ ಒಡೆದು ದೇಹದಲ್ಲೇ ಹೀರಿಹೋಗುತ್ತವೆ.

ವೃಷಣದ ಹಿಂಬದಿಗೆ ಅಂಟಿಕೊಂಡಂತೆ ಎಪಿಡಿಡಿಮಿಸ್ ಎಂಬ ಇನ್ನೊಂದು ಸುರುಳಿ ನಾಳವಿದೆ. ಬಿಡಿಸಿದರೆ ಸುಮಾರು ಆರು ಮೀಟರ್. ವೀರ್ಯಾಣುಗಳು ಈಜಲು ಕಲಿಯುವುದು ಇಲ್ಲಿ. ಅಲ್ಲಿಂದ ವೀರ್ಯನಾಳ ತೊಡೆಸಂದಿಯ ಮೂಲಕ ಮೇಲೇರಿ, ಮೂತ್ರಕೋಶದ ಹಿಂದೆ ಬಳಸಿ, ಪ್ರಾಸ್ಟೇಟ್ ಗ್ರಂಥಿಯೊಳಗೆ ಮೂತ್ರನಾಳವನ್ನು ಸೇರುತ್ತದೆ. ಪುರುಷರ ಸಂತಾನಹರಣ ಚಿಕಿತ್ಸೆಯಲ್ಲಿ ವೈದ್ಯರು ಕತ್ತರಿಸುವುದು ಈ ನಾಳವನ್ನೇ.

ಆ ಚಿಕಿತ್ಸೆಯನ್ನು ಇಲ್ಲಿ ನೆನಪಿಸುವುದಕ್ಕೆ ಕಾರಣವಿದೆ. ನಾಳ ಕತ್ತರಿಸಿದ ಮೇಲೆ ವೃಷಣದಿಂದ ಒಂದು ವೀರ್ಯಾಣುವೂ ಹೊರಬರುವುದಿಲ್ಲ. ಆದರೂ ಸ್ಖಲನವಾಗುತ್ತದೆ, ವೀರ್ಯದ ಪ್ರಮಾಣದಲ್ಲಿ ಕಣ್ಣಿಗೆ ಕಾಣುವ ವ್ಯತ್ಯಾಸವೇ ಇರುವುದಿಲ್ಲ. ಏಕೆಂದರೆ ನಾವು ವೀರ್ಯ ಎಂದು ಕರೆಯುವ ದ್ರವದ ಮುಕ್ಕಾಲು ಪಾಲಿಗೆ ಹತ್ತಿರದಷ್ಟು ಬರುವುದು ಮೂತ್ರಕೋಶದ ಹಿಂದಿರುವ ಎರಡು ವೀರ್ಯಕೋಶಗಳಿಂದ. ಉಳಿದದ್ದರಲ್ಲಿ ಹೆಚ್ಚಿನದು ಪ್ರಾಸ್ಟೇಟಿನ ಸ್ರಾವ. ವೃಷಣದ ಪಾಲು ನೂರಕ್ಕೆ ಐದರ ಆಸುಪಾಸು ಅಷ್ಟೇ. ಒಂದು ಸಲಕ್ಕೆ ಹೊರಬರುವುದು ಒಂದೂವರೆಯಿಂದ ಐದು ಮಿಲಿಲೀಟರ್, ಹೆಚ್ಚೆಂದರೆ ಒಂದು ಟೀ ಚಮಚ. ಅದರಲ್ಲಿ ಬಹುಪಾಲು ನೀರು, ಜೊತೆಗೆ ಫ್ರಕ್ಟೋಸ್ ಎಂಬ ಸಕ್ಕರೆ, ಸ್ವಲ್ಪ ಪ್ರೋಟೀನು, ಸತು, ಲವಣಗಳು. ಆ ಇಡೀ ಚಮಚದಲ್ಲಿರುವ ಪ್ರೋಟೀನು ಒಂದು ಗ್ರಾಮಿಗಿಂತ ತುಂಬಾ ಕಡಿಮೆ. ಒಂದು ಹಿಡಿ ಶೇಂಗಾದಲ್ಲಿ ಅದರ ಎಷ್ಟೋ ಪಟ್ಟು ಇದೆ. ಇದರಿಂದ ಸುಸ್ತು, ಸೊಂಟನೋವು, ಕೆನ್ನೆ ಗುಳಿಬೀಳುವುದು, ನೆನಪಿನ ಶಕ್ತಿ ಕುಂದುವುದು ಯಾವುದೂ ಆಗುವುದಿಲ್ಲ.

ಗಂಡಸುತನದ ಲಕ್ಷಣಗಳಿಗೆ ಕಾರಣವಾದ ಟೆಸ್ಟೋಸ್ಟೆರಾನ್ ಹಾರ್ಮೋನಿನ ದಾರಿಯೇ ಬೇರೆ. ಅದನ್ನು ತಯಾರಿಸುವುದು ವೃಷಣದ ನಾಳಗಳ ನಡುವೆ ಇರುವ ಲೈಡಿಗ್ ಕೋಶಗಳು. ಅದು ನೇರವಾಗಿ ರಕ್ತಕ್ಕೆ ಸೇರುತ್ತದೆ, ವೀರ್ಯದೊಂದಿಗೆ ಹರಿದುಹೋಗುವುದಿಲ್ಲ. ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ ಅದರ ಮಟ್ಟವನ್ನು ಗಮನಿಸುತ್ತಾ ಹೆಚ್ಚು ಕಡಿಮೆ ಮಾಡುತ್ತಿರುತ್ತದೆ. ಹಸ್ತಮೈಥುನ ಮಾಡಿದವರಲ್ಲಿ ಅದು ಕರಗಿಹೋಗುತ್ತದೆ ಎನ್ನುವುದಕ್ಕೆ ಆಧಾರವಿಲ್ಲ.

ಸ್ವಪ್ನಸ್ಖಲನವೂ ಹಾಗೆಯೇ. ಮದುವೆಯಾಗದ ಆರೋಗ್ಯವಂತ ಯುವಕನಿಗೆ ತಿಂಗಳಿಗೆ ಎರಡು ಮೂರು ಸಲ ಆಗುವುದು ಕಾಯಿಲೆಯೇ ಅಲ್ಲ. ಅದಕ್ಕೆ ಔಷಧಿಯೂ ಇಲ್ಲ, ಬೇಕಾಗಿಯೂ ಇಲ್ಲ. ವೀರ್ಯ ಹೋಗುತ್ತದೆ ಎಂಬ ಈ ಕೊರಗು ಮತ್ತು ಅದರ ಜೊತೆಗೆ ಬರುವ ಸುಸ್ತು, ಮೈಕೈನೋವು, ನಿಮಿರದಿರುವಿಕೆಯ ದೂರುಗಳನ್ನು ಒಟ್ಟಾಗಿ ನೋಡಿ 1960ರಲ್ಲಿ ಭಾರತದ ಮನೋವೈದ್ಯ ನರೇಂದ್ರನಾಥ ವಿಗ್ ‘ಧಾತ್ ಸಿಂಡ್ರೋಮ್’ ಎಂದು ಹೆಸರಿಟ್ಟರು. ಅಂದರೆ ನಿಮ್ಮ ಪತ್ರದಲ್ಲಿರುವ ಕಥೆ ನಿಮ್ಮೊಬ್ಬರದಲ್ಲ, ವೈದ್ಯಕೀಯ ಪುಸ್ತಕಗಳಲ್ಲಿ ಅರುವತ್ತು ವರ್ಷಗಳಿಂದ ದಾಖಲಾಗಿರುವ ಕಥೆ. ಇದು ಬರೀ ನಮ್ಮ ದೇಶದ್ದೂ ಅಲ್ಲ. 18 ಮತ್ತು 19ನೇ ಶತಮಾನದ ಯುರೋಪಿನಲ್ಲಿ ಹೆಸರಾಂತ ವೈದ್ಯರೇ ಹಸ್ತಮೈಥುನದಿಂದ ಹುಚ್ಚು ಹಿಡಿಯುತ್ತದೆ, ಕುರುಡು ಬರುತ್ತದೆ ಎಂದು ಬರೆದು ಜನರನ್ನು ಹೆದರಿಸಿದ್ದರು. ಅಲ್ಲಿ ಆ ಭಯ ಇಳಿಯಿತು, ನಮ್ಮಲ್ಲಿ ಅದರ ಮೇಲೆ ವ್ಯಾಪಾರ ಇನ್ನೂ ನಡೆಯುತ್ತಿದೆ. ಶುಕ್ರವನ್ನು, ಅಂದರೆ ವೀರ್ಯವನ್ನು, ಏಳನೇ ಧಾತುವೆಂದು ಎಣಿಸಿದ ಆಯುರ್ವೇದವನ್ನು ಈ ವ್ಯಾಪಾರಿಗಳು ಸಾಕ್ಷಿಗೆ ಕರೆಯುತ್ತಾರೆ. ಅದೇ ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು, ಅದು ದಾಂಪತ್ಯ ಸುಖಕ್ಕಾಗಿಯೇ ಇರುವ ಭಾಗ ಎಂಬುದನ್ನು ಮಾತ್ರ ಅವರು ಹೇಳುವುದಿಲ್ಲ.

ಈಗ ಬಿಳಿ ಮೂತ್ರಕ್ಕೆ ಬರೋಣ. ನಿಮ್ಮಂಥವರನ್ನು ಅತಿ ಹೆಚ್ಚು ಹೆದರಿಸುವುದು ಇದೇ, ಏಕೆಂದರೆ ಇದು ಕಣ್ಣಿಗೆ ಕಾಣುತ್ತದೆ. ಊಟವಾದ ಮೇಲೆ, ಜಠರವು ಆಮ್ಲ ಸುರಿಸುವ ಹೊತ್ತಿನಲ್ಲಿ, ರಕ್ತವೂ ಮೂತ್ರವೂ ಸ್ವಲ್ಪ ಕ್ಷಾರದ ಕಡೆಗೆ ವಾಲುತ್ತವೆ. ಕ್ಷಾರ ಮೂತ್ರದಲ್ಲಿ ಫಾಸ್ಫೇಟ್ ಲವಣಗಳು ಕರಗಿರಲಾರವು, ಬಿಳಿ ಪುಡಿಯಾಗಿ ಬೇರ್ಪಡುತ್ತವೆ. ನೀರು ಕಡಿಮೆ ಕುಡಿದ ದಿನ ಇದು ಇನ್ನೂ ಎದ್ದು ಕಾಣುತ್ತದೆ. ನೀವೇ ನೋಡಬಹುದು: ಮುಂದಿನ ಸಲ ಮೂತ್ರ ಬೆಳ್ಳಗೆ ಬಂದಾಗ ಪಾರದರ್ಶಕ ಗಾಜಿನ ಸೀಸೆಯೊಂದರಲ್ಲಿ ಸ್ವಲ್ಪ ಹಿಡಿದು, ಅಡುಗೆಮನೆಯ ವಿನಿಗರ್ ಒಂದೆರಡು ಚಮಚ ಹಾಕಿ ಅಲುಗಾಡಿಸಿ. ಕದಡು ಕರಗಿ ಮೂತ್ರ ತಿಳಿಯಾದರೆ ಅದು ಫಾಸ್ಫೇಟ್. ವೀರ್ಯವಾಗಿದ್ದರೆ ಹಾಗೆ ಕರಗುವುದಿಲ್ಲ. ಕೀವಾಗಿದ್ದರೂ ಕರಗುವುದಿಲ್ಲ. ಕರಗದೆ ಉಳಿದರೆ, ಅಥವಾ ಮೂತ್ರ ಮಾಡುವಾಗ ಉರಿ, ಜ್ವರ, ಹಳದಿ ಸ್ರಾವ ಇದ್ದರೆ ಸೋಂಕಿನ ಸಂದೇಹ ಬರುತ್ತದೆ. ಆಗ ಪ್ರಯೋಗಾಲಯದಲ್ಲಿ ಮೂತ್ರ ಪರೀಕ್ಷೆ ಮಾಡಿಸಬೇಕು. ಕೆಲವು ನೂರು ರೂಪಾಯಿಯೊಳಗೆ ಮುಗಿಯುವ ಪರೀಕ್ಷೆ ಅದು. ಒಂದು ಮಾತು ಸೇರಿಸಬೇಕು. ಸ್ಖಲನವಾದ ಮೇಲೆ ಮೂತ್ರನಾಳದಲ್ಲಿ ಉಳಿದ ವೀರ್ಯ ಮರುದಿನದ ಮೊದಲ ಮೂತ್ರದೊಂದಿಗೆ ಎಳೆಎಳೆಯಾಗಿ ಬರುವುದುಂಟು. ಅದೂ ಸಹಜವೇ.

ಮುಕ್ಕಿದಾಗ ಬರುವ ಅಂಟು ಹನಿಗಳಿಗೆ ಕಾರಣ ಜಾಗ. ಪ್ರಾಸ್ಟೇಟ್ ಮತ್ತು ವೀರ್ಯಕೋಶಗಳು ಗುದನಾಳದ ಮುಂಗೋಡೆಗೆ ಅಂಟಿಕೊಂಡೇ ಇವೆ. ಮಲಬದ್ಧತೆಯಲ್ಲಿ ಗಟ್ಟಿ ಮಲ ಅವುಗಳನ್ನು ಒತ್ತಿದಾಗ ಅಲ್ಲಿದ್ದ ಸ್ರಾವ ಒಂದೆರಡು ಹನಿ ಮುಂದಕ್ಕೆ ಬರುತ್ತದೆ. ಸೊಪ್ಪು, ಹಣ್ಣು, ನೀರು ಹೆಚ್ಚಿಸಿ, ಮಲ ಸಡಿಲವಾದರೆ ಇದೂ ನಿಲ್ಲುತ್ತದೆ. ಲೈಂಗಿಕ ಯೋಚನೆ ಬಂದಾಗ ತುದಿಯಲ್ಲಿ ಕಾಣುವ ತಿಳಿ ಲೋಳೆಯಂಥ ಹನಿ ಕೂಡ ವೀರ್ಯವಲ್ಲ, ಮೂತ್ರನಾಳವನ್ನು ಜಾರುವಂತೆ ಮಾಡುವ ಕೌಪರ್ ಗ್ರಂಥಿಗಳ ಸ್ರಾವ.

ಎಡ ವೃಷಣದ ಬಗ್ಗೆ ನೀವು ಬರೆದದ್ದನ್ನು ಎರಡಾಗಿ ಬಿಡಿಸಬೇಕು. ಕೆಳಗೆ ಜೋತಿರುವುದು ಒಂದು, ನರ ಉಬ್ಬಿರುವುದು ಇನ್ನೊಂದು. ಹೆಚ್ಚಿನ ಗಂಡಸರಲ್ಲಿ ಒಂದು ಬದಿ ತುಸು ಕೆಳಗೇ ಇರುತ್ತದೆ, ಬಹಳ ಸಲ ಅದು ಎಡಬದಿ. ವೃಷಣಗಳು ಹೊಟ್ಟೆಯ ಹೊರಗೆ ಚೀಲದಲ್ಲಿ ತೂಗುವುದಕ್ಕೆ ಕಾರಣ ಶಾಖ. ದೇಹದ ಉಷ್ಣತೆಗಿಂತ ಎರಡರಿಂದ ನಾಲ್ಕು ಡಿಗ್ರಿ ಸೆಲ್ಸಿಯಸ್ ಕಡಿಮೆ ಇದ್ದರೆ ಮಾತ್ರ ವೀರ್ಯಾಣು ಸರಿಯಾಗಿ ತಯಾರಾಗುತ್ತದೆ. ಚಳಿಯಲ್ಲಿ ಚೀಲ ಮುದುಡಿ ಮೇಲೇರುವುದು, ಸೆಕೆಯಲ್ಲಿ ಸಡಿಲವಾಗಿ ಇಳಿಬೀಳುವುದು ಅದಕ್ಕಾಗಿ. ಬೇಸಿಗೆಯಲ್ಲಿ ಜೋತುಬಿದ್ದಂತೆ ಕಂಡರೆ ಅದು ದೌರ್ಬಲ್ಯವಲ್ಲ.

ಉಬ್ಬಿದ ನರ ಮಾತ್ರ ತೋರಿಸಬೇಕಾದದ್ದು. ಇದು ನೀವು ಹೆದರಿದಂತೆ ನರಗಳಲ್ಲ, ಅಶುದ್ಧ ರಕ್ತವನ್ನು ಹಿಂದಕ್ಕೊಯ್ಯುವ ರಕ್ತನಾಳಗಳು. ಬಲ ವೃಷಣದ ರಕ್ತನಾಳ ಹೊಟ್ಟೆಯೊಳಗಿನ ಮಹಾಸಿರೆಗೆ ಓರೆಯಾಗಿ ಸೇರುತ್ತದೆ. ಎಡದ್ದು ಇನ್ನೂ ಮೇಲಕ್ಕೆ ಹೋಗಿ, ಎಡ ಮೂತ್ರಪಿಂಡದ ಸಿರೆಗೆ ಲಂಬಕೋನದಲ್ಲಿ ಸೇರುತ್ತದೆ. ದಾರಿ ಉದ್ದ, ಒತ್ತಡ ಹೆಚ್ಚು. ಹಾಗಾಗಿ ಒಳಗಿನ ಕವಾಟಗಳು ಸೋತರೆ ರಕ್ತ ಹಿಂದಕ್ಕೆ ನಿಂತು ನಾಳಗಳು ಗಂಟುಗಂಟಾಗಿ ಉಬ್ಬುತ್ತವೆ. ಇದರ ಹೆಸರು ವೇರಿಕೋಸೀಲ್. ನೂರು ಗಂಡಸರಲ್ಲಿ ಸುಮಾರು 15 ಮಂದಿಗೆ ಇದೆ, ಬಹುತೇಕರಿಗೆ ಅದು ಇದೆ ಎಂದೂ ಗೊತ್ತಿರುವುದಿಲ್ಲ. ನಿಮಿರುವಿಕೆಗೂ ಇದಕ್ಕೂ ಸಂಬಂಧವಿಲ್ಲ. ವೀರ್ಯಾಣುಗಳ ಗುಣಮಟ್ಟದ ಮೇಲೆ ಕೆಲವರಲ್ಲಿ ಪರಿಣಾಮ ಬೀರುತ್ತದೆ, ಮಕ್ಕಳಾಗದೆ ಚಿಕಿತ್ಸೆಗೆ ಬರುವ ಗಂಡಸರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿಯಲ್ಲಿ ಇದು ಸಿಗುತ್ತದೆ. ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಡ. ನೀವು ಯುರಾಲಜಿಸ್ಟ್, ಅಂದರೆ ಮೂತ್ರರೋಗ ತಜ್ಞರ ಬಳಿ ಹೋಗಿ, ನಿಂತು ಮತ್ತು ಮಲಗಿ ಎರಡೂ ಸ್ಥಿತಿಯಲ್ಲಿ ಪರೀಕ್ಷೆ ಮಾಡಿಸಿಕೊಳ್ಳಿ. ಮಲಗಿದಾಗ ಉಬ್ಬು ಇಳಿಯಬೇಕು. ಇಳಿಯದಿದ್ದರೆ, ಇದ್ದಕ್ಕಿದ್ದಂತೆ ಕಾಣಿಸಿಕೊಂಡಿದ್ದರೆ, ಅಥವಾ ಬಲಬದಿಗೆ ಮಾತ್ರ ಇದ್ದರೆ ಹೊಟ್ಟೆಯ ಸ್ಕ್ಯಾನ್ ಮಾಡಿಸುತ್ತಾರೆ.

ಇನ್ನು ನಿಮ್ಮ ಮುಖ್ಯ ಚಿಂತೆ, ನಿಮಿರುವಿಕೆ. ಶಿಶ್ನದಲ್ಲಿ ಮೂಳೆಯಿಲ್ಲ, ಎತ್ತಿ ನಿಲ್ಲಿಸುವ ಸ್ನಾಯುವೂ ಇಲ್ಲ. ಅಕ್ಕಪಕ್ಕದಲ್ಲಿ ಉದ್ದಕ್ಕೂ ಎರಡು ಸ್ಪಂಜಿನಂಥ ಕೊಳವೆಗಳಿವೆ, ಅವುಗಳ ಅಡಿಯಲ್ಲಿ ಮೂತ್ರನಾಳವನ್ನು ಸುತ್ತಿಕೊಂಡ ಮೂರನೆಯದೊಂದು. ಮೇಲಿನ ಎರಡು ಕೊಳವೆಗಳಿಗೆ ಗಟ್ಟಿಯಾದ ಹೊದಿಕೆಯಿದೆ. ಒಳಗೆ ಸಾವಿರಾರು ಪುಟ್ಟ ರಕ್ತಕೋಣೆಗಳು, ಅವುಗಳ ಗೋಡೆಯಲ್ಲಿ ನಮ್ಮ ಇಚ್ಛೆಗೆ ಒಳಪಡದ ನಯವಾದ ಸ್ನಾಯು. ಮಾಮೂಲಿ ಹೊತ್ತಿನಲ್ಲಿ ಈ ಸ್ನಾಯು ಬಿಗಿದುಕೊಂಡೇ ಇರುತ್ತದೆ, ರಕ್ತ ಒಳನುಗ್ಗಲು ಬಿಡುವುದಿಲ್ಲ. ಸ್ಪರ್ಶ, ನೋಟ, ಯೋಚನೆ, ಯಾವುದರಿಂದಲೋ ಮೆದುಳು ಉದ್ದೀಪನಗೊಂಡಾಗ ಬೆನ್ನುಹುರಿಯ ತಳಭಾಗದಿಂದ ಹೊರಡುವ ನರಗಳು ಸಂದೇಶ ತರುತ್ತವೆ. ನರತುದಿಗಳಲ್ಲಿ ಮತ್ತು ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಬಿಡುಗಡೆಯಾಗುತ್ತದೆ. ರಕ್ತನಾಳಗಳ ಸಡಿಲಿಕೆಯಲ್ಲಿ ಈ ಅನಿಲದ ಪಾತ್ರ ಕಂಡುಹಿಡಿದ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ, ಫರ್ಚ್‌ಗಾಟ್, ಇಗ್ನಾರೊ, ಮುರಾದ್ ಅವರಿಗೆ, 1998ರಲ್ಲಿ ನೊಬೆಲ್ ಬಂತು. ಅದರ ಪ್ರಭಾವದಿಂದ ಸ್ನಾಯು ಸಡಿಲವಾಗುತ್ತದೆ, ರಕ್ತ ನುಗ್ಗುತ್ತದೆ, ಕೋಣೆಗಳು ತುಂಬಿ ಹಿಗ್ಗುತ್ತವೆ. ಸೈಕಲ್ ಟ್ಯೂಬಿಗೆ ಗಾಳಿ ತುಂಬಿದಾಗ ಅದು ಟೈರಿಗೆ ಒತ್ತಿ ಗಟ್ಟಿಯಾಗುವಂತೆ, ತುಂಬಿದ ಕೋಣೆಗಳು ಹೊರ ಹೊದಿಕೆಗೆ ಒತ್ತುತ್ತವೆ. ಆ ಒತ್ತಡಕ್ಕೆ ಹೊದಿಕೆಯಡಿಯ ಹಿಂದಿರುಗುವ ರಕ್ತನಾಳಗಳು ಮುಚ್ಚಿಕೊಂಡು ರಕ್ತ ಒಳಗೇ ನಿಲ್ಲುತ್ತದೆ. ನಿಮಿರುವಿಕೆ ಎಂದರೆ ಇಷ್ಟೇ.

ಗಮನಿಸಿ, ಇದರಲ್ಲಿ ಬಲಪ್ರಯೋಗ ಎಲ್ಲಿಯೂ ಇಲ್ಲ. ನಡೆಯುವುದೆಲ್ಲ ಸಡಿಲಿಕೆ. ಸಂಕಲ್ಪ ಮಾಡಿ ಕೈ ಎತ್ತಬಹುದು, ಸಂಕಲ್ಪ ಮಾಡಿ ಇದನ್ನು ಮಾಡಲಾಗದು. ಈಗ ನೀವು ನಿಮ್ಮನ್ನೇ ‘ಪರೀಕ್ಷಿಸಿ’ ನೋಡುವಾಗ ಏನಾಗುತ್ತದೆ ಹೇಳುತ್ತೇನೆ. ಕೋಣೆಯ ಬಾಗಿಲು ಹಾಕಿಕೊಂಡು, ಇವತ್ತೂ ಸೋತರೆ ಮದುವೆ ಗತಿಯೇನು ಎಂದುಕೊಂಡು ಶುರು ಮಾಡುತ್ತೀರಿ. ಎದೆ ಬಡಿದುಕೊಳ್ಳುತ್ತದೆ, ಅಂಗೈ ಬೆವರುತ್ತದೆ. ಆ ಹೊತ್ತಿನಲ್ಲಿ ದೇಹ ಸುರಿಸುವ ಅಡ್ರಿನಲಿನ್, ನಾರ್‌ಅಡ್ರಿನಲಿನ್ ರಾಸಾಯನಿಕಗಳು ಅದೇ ನಯವಾದ ಸ್ನಾಯುವನ್ನು ಬಿಗಿಯುತ್ತವೆ. ಕೋಣೆಗಳು ಕುಗ್ಗುತ್ತವೆ, ಮುಚ್ಚಿದ್ದ ನಾಳಗಳು ತೆರೆದು ರಕ್ತ ಹಿಂದಿರುಗುತ್ತದೆ. ಕತ್ತಲಲ್ಲಿ ಹಾವು ಕಂಡವನಿಗೆ ನಿಮಿರುವುದು ಬೇಡ, ಓಡುವುದು ಬೇಕು ಎಂದು ದೇಹ ತೀರ್ಮಾನಿಸಿದೆ. ನಿಮ್ಮ ವಿಷಯದಲ್ಲಿ ಹಾವಿಲ್ಲ, ಆದರೆ ಭಯವಿದೆ, ದೇಹಕ್ಕೆ ಅಷ್ಟು ಸಾಕು.

ಮಲಗಿದಾಗ ಈ ಭಯ ಇರುವುದಿಲ್ಲ. ಕನಸು ಬೀಳುವ ನಿದ್ದೆಯ ಹಂತಗಳಲ್ಲಿ ಆರೋಗ್ಯವಂತ ಗಂಡಸಿಗೆ ರಾತ್ರಿಯೊಂದರಲ್ಲಿ ಮೂರರಿಂದ ಐದು ಸಲ, ತನಗೆ ತಿಳಿಯದಂತೆ, ನಿಮಿರುವಿಕೆ ಆಗುತ್ತದೆ. ಕೊನೆಯ ಹಂತದಲ್ಲಿ ಎಚ್ಚರವಾದರೆ ಅದನ್ನೇ ಬೆಳಗಿನ ನಿಮಿರುವಿಕೆ ಎನ್ನುತ್ತೇವೆ. ಅದಕ್ಕೇ ಆ ಸಾಲಿಗೆ ಅಷ್ಟು ಬೆಲೆ ಕೊಟ್ಟೆ. ಇಂದಿನಿಂದ ಈ ಸ್ವಯಂ ಪರೀಕ್ಷೆಯನ್ನು ನಿಲ್ಲಿಸಿ. ಪ್ರತಿ ಸೋಲೂ ಮುಂದಿನ ಸಲದ ಭಯವನ್ನು ಹೆಚ್ಚಿಸುತ್ತದೆ, ಬೇರೇನನ್ನೂ ತಿಳಿಸುವುದಿಲ್ಲ.

ದೈಹಿಕ ಕಾರಣದ ನಿಮಿರು ದೌರ್ಬಲ್ಯ ಬೇರೆಯದೇ ರೀತಿ ನಡೆದುಕೊಳ್ಳುತ್ತದೆ. ನಿಧಾನವಾಗಿ, ತಿಂಗಳುಗಟ್ಟಲೆ ಕುಂದುತ್ತಾ ಬರುತ್ತದೆ. ಬೆಳಗಿನದೂ ಹೋಗುತ್ತದೆ, ಒಬ್ಬರೇ ನಿಶ್ಚಿಂತೆಯಾಗಿ ಇದ್ದಾಗಲೂ ಹೋಗುತ್ತದೆ. ಸಕ್ಕರೆ ಕಾಯಿಲೆ, ಅಧಿಕ ರಕ್ತದೊತ್ತಡ, ಧೂಮಪಾನ, ಕೊಲೆಸ್ಟರಾಲ್ ಇವು ರಕ್ತನಾಳದ ಒಳಪದರವನ್ನು ಕೆಡಿಸಿ ನೈಟ್ರಿಕ್ ಆಕ್ಸೈಡ್ ತಯಾರಿಯನ್ನೇ ಕುಗ್ಗಿಸುತ್ತವೆ. ಶಿಶ್ನದ ಅಪಧಮನಿಗಳ ಅಗಲ ಒಂದೆರಡು ಮಿಲಿಮೀಟರ್, ಹೃದಯದ್ದು ಮೂರು ನಾಲ್ಕು. ಸಣ್ಣದು ಮೊದಲು ಕಟ್ಟುತ್ತದೆ. ನಲವತ್ತು ದಾಟಿದವರಲ್ಲಿ ನಿಮಿರುವಿಕೆ ಕುಂದಿದ ಕೆಲವು ವರ್ಷಗಳಿಗೆ ಎದೆನೋವು ಕಾಣಿಸಿಕೊಳ್ಳುವುದುಂಟು. ನಾಚಿಕೆಯಿಂದ ಈ ಎಚ್ಚರಿಕೆಯನ್ನು ಮುಚ್ಚಿಟ್ಟು ಹೃದಯಾಘಾತದಲ್ಲಿ ಆಸ್ಪತ್ರೆ ಸೇರುವವರನ್ನು ನೋಡಿದಾಗ ನಿಜಕ್ಕೂ ಹೊಟ್ಟೆ ಉರಿಯುತ್ತದೆ. ನಿಮ್ಮ ಚಿತ್ರ ಹಾಗಿಲ್ಲ. ಆದರೆ ತಂದೆಗೆ ಸಕ್ಕರೆ ಕಾಯಿಲೆ ಇರುವುದರಿಂದ ಬರೀ ಹೊಟ್ಟೆಯಲ್ಲಿ ರಕ್ತದ ಸಕ್ಕರೆ, ಜೊತೆಗೆ ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ, ರಕ್ತದೊತ್ತಡ ಇಷ್ಟನ್ನು ನೋಡಿಸಿಕೊಳ್ಳಿ. ಟೆಸ್ಟೋಸ್ಟೆರಾನ್ ಪರೀಕ್ಷೆ ಲೈಂಗಿಕ ಆಸೆಯೇ ಕುಂದಿದವರಿಗೆ ಬೇಕು. ಅದನ್ನೂ ಬೆಳಗ್ಗೆಯೇ ಮಾಡಿಸಬೇಕು, ಸಂಜೆಗೆ ಮಟ್ಟ ತಾನಾಗಿ ಇಳಿದಿರುತ್ತದೆ.

ಆ ಪುಡಿಯನ್ನು ಇನ್ನು ಮುಂದುವರಿಸಬೇಡಿ. ಇಂಥ ಗುಪ್ತ ಔಷಧಿಗಳಲ್ಲಿ ಲೇಬಲಿನ ಮೇಲೆ ಹೇಳದ, ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಎಂಬ ಔಷಧಿ, ಕೆಲವೊಮ್ಮೆ ಸ್ಟೆರಾಯ್ಡ್, ಕೆಲವೊಮ್ಮೆ ಸೀಸ ಪಾದರಸಗಳೂ ಸಿಕ್ಕಿವೆ. ಲೈಂಗಿಕ ಶಕ್ತಿ ಹೆಚ್ಚಿಸುತ್ತೇವೆಂದು ಔಷಧಿಗೆ ಜಾಹೀರಾತು ಕೊಡುವುದೇ ನಮ್ಮ ದೇಶದಲ್ಲಿ ಅಪರಾಧ, 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ ಅದನ್ನು ನಿಷೇಧಿಸಿದೆ. ನಿಮ್ಮನ್ನು ಮುಟ್ಟಿಯೂ ನೋಡದೆ ‘ನರ ಸತ್ತಿದೆ’ ಎಂದವರು ನಿಮ್ಮ ಭಯಕ್ಕೆ ಬೆಲೆ ಕಟ್ಟಿದ್ದಾರೆ.

ಔಷಧಿ ಅಂಗಡಿಯಲ್ಲಿ ಗೆಳೆಯರು ಕೊಡಿಸುವ ಸಿಲ್ಡೆನಾಫಿಲ್ ಬಗ್ಗೆಯೂ ಒಂದು ಮಾತು. ಎದೆನೋವಿಗೆಂದು ಪರೀಕ್ಷಿಸುತ್ತಿದ್ದಾಗ ಅದರ ಈ ಗುಣ ಗೊತ್ತಾಗಿ, 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಒಳ್ಳೆಯ ಔಷಧಿ ಅದು. ಸ್ನಾಯುವಿನ ಸಡಿಲಿಕೆ ಬೇಗ ಮುಗಿದುಹೋಗದಂತೆ ತಡೆಯುತ್ತದೆ. ಉದ್ದೀಪನವೇ ಇಲ್ಲದಿದ್ದರೆ ಕೆಲಸ ಮಾಡುವುದಿಲ್ಲ. ಹೃದಯಕ್ಕೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಇದನ್ನು ನುಂಗಿದರೆ ರಕ್ತದೊತ್ತಡ ಪ್ರಾಣಾಪಾಯದ ಮಟ್ಟಕ್ಕೆ ಕುಸಿಯಬಹುದು. ನಿಮಗೆ ಬೇಕಾಗಲಾರದು. ಬೇಕೆನಿಸಿದರೆ ವೈದ್ಯರು ಸ್ವಲ್ಪ ಕಾಲ, ಧೈರ್ಯ ಬರುವವರೆಗೆ, ಬರೆದುಕೊಡಬಹುದು. ಅದನ್ನು ಅವರೇ ಬರೆಯಲಿ.

ನೀವು ಕೇಳಿಲ್ಲ, ಆದರೆ ಮನಸ್ಸಿನಲ್ಲಿರುತ್ತದೆ: ಅಳತೆ ಮತ್ತು ಸಮಯ. ಹದಿನೈದು ಸಾವಿರಕ್ಕೂ ಹೆಚ್ಚು ಗಂಡಸರ ಅಳತೆಗಳನ್ನು ಒಟ್ಟುಗೂಡಿಸಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನಿಮಿರಿದಾಗಿನ ಸರಾಸರಿ ಉದ್ದ ಸುಮಾರು 13 ಸೆಂಟಿಮೀಟರ್. ಮೊಬೈಲಿನಲ್ಲಿ ಕಾಣುವ ವಿಡಿಯೊಗಳು ಆಯ್ದ ದೇಹಗಳವು. ಸಮಯದ ಬಗ್ಗೆ ಐದು ದೇಶಗಳ 500 ಜೋಡಿಗಳು ಗಡಿಯಾರ ಹಿಡಿದು ಅಳೆದುಕೊಂಡ 2005ರ ಅಧ್ಯಯನದಲ್ಲಿ ಪ್ರವೇಶದಿಂದ ಸ್ಖಲನದವರೆಗಿನ ಮಧ್ಯಮ ಅವಧಿ ಐದೂವರೆ ನಿಮಿಷದೊಳಗೆ ಇತ್ತು. ಅರ್ಧ ಗಂಟೆಯ ಮಾತೆಲ್ಲ ಕಟ್ಟೆಯ ಮೇಲಿನದು. ಯಾವಾಗಲೂ ಒಂದು ನಿಮಿಷದೊಳಗೆ ಮುಗಿಯುತ್ತಿದ್ದು, ತಡೆಯಲಾಗದೆ, ಅದರಿಂದ ಇಬ್ಬರಿಗೂ ಬೇಸರವಾಗುತ್ತಿದ್ದರೆ ಅದನ್ನು ಶೀಘ್ರಸ್ಖಲನ ಎನ್ನುತ್ತೇವೆ, ಚಿಕಿತ್ಸೆ ಇದೆ.

ಮದುವೆಯ ನಂತರದ ಮೊದಲ ದಿನಗಳ ಬಗ್ಗೆ ನನ್ನ ಸಲಹೆ ಇದು. ಮೂರು ದಿನದ ಓಡಾಟ, ನಿದ್ದೆಗೆಟ್ಟ ಕಣ್ಣು, ಪಕ್ಕದ ಕೋಣೆಯಲ್ಲಿ ನೆಂಟರು. ಇಂಥ ರಾತ್ರಿಯಲ್ಲಿ ಎಲ್ಲವೂ ಆಗಲೇಬೇಕೆಂಬ ನಿಯಮವಿಲ್ಲ. ನಿಮ್ಮ ಹಾಗೆಯೇ ಆಕೆಗೂ ಅಳುಕು ಇರುತ್ತದೆ, ನೋವಾಗುವುದೆಂಬ ಹೆದರಿಕೆ ಇರುತ್ತದೆ. ‘ಮೊದಲ ಒಂದು ವಾರ ಸಂಭೋಗದ ಯೋಚನೆಯೇ ಬೇಡ, ಪರಿಚಯ ಮಾಡಿಕೊಳ್ಳೋಣ’ ಎಂದು ನೀವೇ ಹೇಳಿ. ಮಾತು, ಅಪ್ಪುಗೆ, ಸ್ಪರ್ಶ ಎಲ್ಲ ಇರಲಿ, ಅವೆಲ್ಲ ಆಕೆಗೂ ಒಪ್ಪಿಗೆಯಾದಾಗ. ಇದು ನಾನು ಕಂಡುಹಿಡಿದ ಉಪಾಯವಲ್ಲ. ಅಮೆರಿಕದ ಲೈಂಗಿಕ ಸಂಶೋಧಕರಾದ ಮಾಸ್ಟರ್ಸ್ ಮತ್ತು ಜಾನ್ಸನ್ ರೂಪಿಸಿದ, ಇಂದಿಗೂ ಲೈಂಗಿಕ ಚಿಕಿತ್ಸೆಯಲ್ಲಿ ಬಳಸುವ ವಿಧಾನದ ತಿರುಳು. ಗೆಲ್ಲಬೇಕಾದ ಪರೀಕ್ಷೆ ಇಲ್ಲವೆಂದಾಗ ಭಯ ಇಳಿಯುತ್ತದೆ, ಭಯ ಇಳಿದಾಗ ಮೇಲೆ ಹೇಳಿದ ಸಡಿಲಿಕೆ ತಾನಾಗಿ ಆಗುತ್ತದೆ.

ಸುಸ್ತು ಮತ್ತು ಸೊಂಟನೋವು ಸುಳ್ಳೆಂದು ನಾನು ಹೇಳುತ್ತಿಲ್ಲ. ಅವು ನಿಜ, ಕಾರಣ ಬೇರೆ. ರಾತ್ರಿ ಸರಿಯಾಗಿ ನಿದ್ದೆ ಬರುತ್ತಿದೆಯೇ, ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಈಗಲೂ ಮನಸ್ಸಿದೆಯೇ ಎಂದು ನೋಡಿಕೊಳ್ಳಿ. ವರ್ಷಗಟ್ಟಲೆ ಒಳಗೇ ಕೊರಗಿದವರಲ್ಲಿ ಆತಂಕವೋ ಖಿನ್ನತೆಯೋ ಸೇರಿಕೊಂಡು ಮೈಯೆಲ್ಲ ಭಾರವಾಗಿಸುತ್ತದೆ. ಅದಕ್ಕೆ ಚಿಕಿತ್ಸೆಯಿದೆ, ಬಹಳ ಸಲ ಚೆನ್ನಾಗಿ ಫಲ ಕೊಡುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಮೇಲುಸ್ತುವಾರಿಯಲ್ಲಿ ನಡೆಯುವ ಟೆಲಿ ಮಾನಸ್ ಸಹಾಯವಾಣಿಗೆ, 14416ಕ್ಕೆ, ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು, ಶುಲ್ಕವಿಲ್ಲ. ಥೈರಾಯ್ಡ್, ಹಿಮೋಗ್ಲೋಬಿನ್ ಒಮ್ಮೆ ನೋಡಿಸುವುದೂ ಒಳ್ಳೆಯದು.

ಕೊನೆಗೆ, ಕಾಯದೆ ಆಸ್ಪತ್ರೆಗೆ ಓಡಬೇಕಾದ ಸಂದರ್ಭಗಳನ್ನು ಗೊತ್ತುಮಾಡಿಕೊಂಡಿರಿ, ಗೆಳೆಯರಿಗೂ ತಿಳಿಸಿ. ವೃಷಣದಲ್ಲಿ ಇದ್ದಕ್ಕಿದ್ದಂತೆ ತಡೆಯಲಾಗದ ನೋವು, ವಾಂತಿ ಬಂದರೆ ಅದು ತಿರುಚಿಕೊಂಡಿರಬಹುದು. ಆರು ಗಂಟೆಯೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಆ ವೃಷಣ ಉಳಿಯುವ ಸಾಧ್ಯತೆ ಬೇಗಬೇಗ ಕುಗ್ಗುತ್ತದೆ, ನಾಳೆ ನೋಡೋಣ ಎನ್ನುವಂತಿಲ್ಲ. ನಿಮಿರುವಿಕೆ ನಾಲ್ಕು ಗಂಟೆಯಾದರೂ ಇಳಿಯದಿದ್ದರೂ ಅಷ್ಟೇ ತುರ್ತು. ನೋವಿಲ್ಲದ ಗಟ್ಟಿ ಗಂಟು ವೃಷಣದಲ್ಲಿ ಕೈಗೆ ಸಿಕ್ಕರೆ ಒಂದು ವಾರದೊಳಗೆ ತೋರಿಸಿ. ವೃಷಣದ ಕ್ಯಾನ್ಸರ್ ಹೆಚ್ಚಾಗಿ ಕಾಣುವುದು ನಿಮ್ಮ ವಯಸ್ಸಿನವರಲ್ಲೇ, ಬೇಗ ಗೊತ್ತಾದರೆ ಬಹುತೇಕ ಪೂರ್ತಿ ಗುಣವಾಗುತ್ತದೆ.

ನೀವು ಸದ್ಯ ಮಾಡಬೇಕಾದದ್ದು, ಹುಬ್ಬಳ್ಳಿಯಲ್ಲೇ ಯಾರಾದರೂ ಯುರಾಲಜಿಸ್ಟ್ ಬಳಿ ಒಂದು ಭೇಟಿ. ಪತ್ರದಲ್ಲಿ ನನಗೆ ಬರೆದಷ್ಟನ್ನೇ ಅವರಿಗೂ ಹೇಳಿ, ಹೇಳಲು ನಾಲಿಗೆ ಏಳದಿದ್ದರೆ ಈ ಪತ್ರವನ್ನೇ ಅವರ ಕೈಗೆ ಕೊಡಿ. ಸಕ್ಕರೆ ಪರೀಕ್ಷೆಯ ವರದಿ ಮತ್ತು ಆ ಪುಡಿಯ ಪೊಟ್ಟಣ ಎರಡೂ ಜೊತೆಗಿರಲಿ.